ಹೆಗಲ ಹೊಲಿಗೆಯಿಲ್ಲದ ಕೋಟು

ವಾಗಾದುಗು
೧೨ ಅಕ್ಟೋಬರ್ ೧೯೯೬

ನನ್ನ ಅಜ್ಜನ ಆಳಿನ ಮೊಮ್ಮಗ, ತೋಮಾ ಊರಿನ ನಾಯಿತಲೆ ಕಳ್ಳ ಮತಿಯಾಸ್ ಪಾರೆಗೆ,

ಬದುಕಿದ್ದೀಯೇನೋ? ಬದುಕಿದ್ದರೆ ನನ್ನ ಅಪ್ಪಣೆಯಿಲ್ಲದೆ ಬದುಕಿದ್ದೀಯ. ಬಸ್ಸಿನ ಸೇದು ನಿನ್ನ ಗಂಟನ್ನು ತಂದು ಅಂಗಡಿಯ ಬಾಗಿಲಲ್ಲಿ ಒಗೆದು, "ತಗೊಳಯ್ಯಾ, ನಿನ್ ಗುಲಾಮ ಕಳ್ಸಿದಾನೆ" ಅಂದ. ಆಮೇಲೆ, "ಅಲ್ಲಿ ಅವ್ನು ನಿನ್ನ ಗುಲಾಮ ಅಂತಾನೆ, ಇಲ್ಲಿ ನೀನು ಅವನ್ನ ಅಂತೀಯ. ನಿಮ್ಮಿಬ್ರಲ್ಲಿ ಒಡೆಯ ಯಾರು ಅಂತ ಗೊತ್ತಾಗೋ ಹೊತ್ಗೆ ನನ್ ಬಸ್ಸು ಗುಜರಿ ಸೇರಿರುತ್ತೆ" ಅಂತ ಗೊಣಗಿದ. ಅವನಿಗೇನು ಗೊತ್ತು? ಮೊಸ್ಸಿಯಾದ ನಾನು ಸಾಮೊ ಕುಲದ ನಿನ್ನನ್ನು ಬೈಯದೆ ಪತ್ರ ಶುರು ಮಾಡಿದರೆ ನಮ್ಮಿಬ್ಬರ ಅಜ್ಜಂದಿರೂ ಗೋರಿಯಿಂದ ಎದ್ದು ಬಂದಾರು. ಎರಡು ಕುಲಗಳಿಗೂ ಅವರು ಹಾಕಿಟ್ಟ ಕಟ್ಟಳೆ ಇದು. ಬೈಯಲೇಬೇಕು, ಬೈಸಿಕೊಂಡವನು ಸಿಟ್ಟಾಗಲೇಬಾರದು.

ನೀನು ನೇಯ್ದ ನೀಲಿ ಬಟ್ಟೆಪಟ್ಟಿಗಳು ಚೆನ್ನಾಗಿವೆ. ಮೂರು ಬೆರಳಗಲ, ಮೊದಲಿಂದ ಕೊನೆಯವರೆಗೆ ಒಂದೇ ಸಮ. ಮೂರು ಸಲ ತೊಳೆದು ನೆರಳಲ್ಲಿ ಒಣಗಿಸಿದ್ದೇನೆ. ಕುಗ್ಗುವುದೆಲ್ಲ ನನ್ನ ಬಕೆಟ್ಟಿನಲ್ಲೇ ಕುಗ್ಗಲಿ, ಗಿರಾಕಿಯ ಮೈಮೇಲಲ್ಲ. ತೆಳು ಪಟ್ಟಿಗಳನ್ನು ಅಂಚಿಗೆ ಅಂಚು ಸೇರಿಸಿ ಡಾಕ್ಟರ್ ಸನೋನ್ ಅವರಿಗೆ ಮೂರು ಅಂಗಿ ಹೊಲಿದೆ. ಎದೆಯ ರೋಗ ನೋಡುವ ದೊಡ್ಡ ಡಾಕ್ಟರು, ಗೊತ್ತಲ್ಲ? ಬೇರೆ ಕಡೆಯ ಹೊಳಪಿನ ಬಟ್ಟೆಯನ್ನು ಮೂಸಿಯೂ ನೋಡುವುದಿಲ್ಲ. ಕೈಯಲ್ಲಿ ನೂತ ಹತ್ತಿಯೇ ಬೇಕು ಅವರಿಗೆ.

ಈಗ ಕೋಟಿನ ಮಾತು. ಹತ್ತು ವರ್ಷದಿಂದ ನನ್ನ ತಲೆ ತಿನ್ನುತ್ತಿದೆ ಅದು. ಮುಂದಿನ ಅಂಚಿನಿಂದ ಹೊರಟ ಪಟ್ಟಿ ಹೆಗಲೇರಿ, ಬೆನ್ನಿಳಿದು, ಹಿಂದಿನ ಅಂಚಿನವರೆಗೂ ಕತ್ತರಿ ಕಾಣದೆ ಹೋಗಬೇಕು. ಹೆಗಲ ಮೇಲೆ ಹೊಲಿಗೆ ಇರಬಾರದು, ಮೆತ್ತೆ ಇರಬಾರದು, ಒಳಗೆ ಅಸ್ತರೂ ಬೇಡ. ನಮ್ಮ ಅಜ್ಜಂದಿರ ನಿಲುವಂಗಿ ಹಾಗೇ ಇತ್ತು, ಆದರೆ ಗೋಣಿಚೀಲದ ಹಾಗೆ ಜೋಲುತ್ತಿತ್ತು. ನನಗೆ ಕಾಲರ್ ಕತ್ತಿಗೆ ಕೂರುವ, ಕೈ ಎತ್ತಿದರೆ ಮೇಲೇಳದ ಕೋಟು ಬೇಕು. ಹೆಗಲೋ ಇಳಿಜಾರು, ನಿನ್ನ ಪಟ್ಟಿಯೋ ನೆಟ್ಟಗೆ. ಕತ್ತಿನ ಬುಡದಲ್ಲಿ ಒಂದು ಸುಕ್ಕು ಏಳುತ್ತದೆ. ಕೆಂಡದ ಇಸ್ತ್ರಿ ಎಷ್ಟು ಒತ್ತಿದರೂ ಅದು ಮಲಗುವುದಿಲ್ಲ. ಏನಾದರೂ ಉಪಾಯ ಮಾಡು. ಫೆಬ್ರವರಿ ಕೊನೆಯಲ್ಲಿ ಇಲ್ಲಿ ದೊಡ್ಡ ಮೇಳವಿದೆ, ಒಳ್ಳೆಯ ಉಡುಪಿಗೆ ಬಹುಮಾನವೂ ಇದೆ. ಮೊದಲ ಕೋಟು ನಿನಗೇ ಎಂದು ಮಾತು ಕೊಟ್ಟಿದ್ದೇನೆ, ನಿನ್ನ ಆ ಎಮ್ಮೆ ಎದೆಗೆ. ಅದನ್ನು ತೊಟ್ಟು ಮೇಳದಲ್ಲಿ ನನ್ನ ಮುಂದೆ ನಡೆ. ಒಡೆಯನ ಮುಂದೆ ಆಳು ನಡೆಯುವುದು ಅದೊಂದು ದಿನ ಮಾತ್ರ.

ನಿನ್ನ ಒಡೆಯ
ಕುಲಿಗಾ ನಿಕಿಯೆಮಾ, ದರ್ಜಿ


ತೋಮಾ
೩ ನವೆಂಬರ್ ೧೯೯೬

ಸೂಜಿ ಹಿಡಿಯಲು ಕಲಿತ ಕತ್ತೆ, ನನ್ನ ಗುಲಾಮ ಕುಲಿಗಾಗೆ,

ಮೊಸ್ಸಿಗಳು ಕುಶಲ ಕೇಳಲು ಶುರು ಮಾಡಿದರೆ ಕೇಳಿಸಿಕೊಳ್ಳುವವನ ಗಂಜಿ ಆರಿಹೋಗುತ್ತದೆ. ನಿನ್ನ ಪತ್ರ ಓದುವಷ್ಟರಲ್ಲಿ ಮಗಳು ರೊಸಾಲಿ ಎರಡು ಕದಿರು ನೂಲು ತೆಗೆದಳು. ಅವಳು ಬಾಣಂತನಕ್ಕೆ ಬಂದವಳು ಇನ್ನೂ ಇಲ್ಲೇ ಇದ್ದಾಳೆ. ಹೆಣ್ಣುಮಗು. ನಿನ್ನ ಹಾಗೆ ಬೋಳುತಲೆ.

"ಬದುಕಿದ್ದೀಯೇನೋ" ಅಂತ ಬರೆದಿದ್ದೀಯಲ್ಲ, ಮೂರು ವರ್ಷದ ಹಿಂದಿನದು ನೆನಪಾಗಿ ನಕ್ಕೂ ನಕ್ಕೂ ಕೆಮ್ಮು ಬಂತು. "ಸಾಯ್ತಿದೀನಿ, ಕೊನೇ ಸಲ ಮುಖ ತೋರ್ಸು" ಅಂತ ಒಂದು ಸಾಲು ಬರೆದದ್ದೇ ತಡ, ತಿಥಿಗೆಂದು ಮೇಕೆ ಹೊತ್ತುಕೊಂಡು ಬಸ್ಸಿಳಿದೆಯಲ್ಲೋ! ನಾನು ಮಾವಿನ ಮರದಡಿ ಡೋಲೊ ಹೆಂಡ ಕುಡಿಯುತ್ತ ಕೂತಿದ್ದೆ. ನಿನ್ನ ಮುಖ ನೋಡಬೇಕಿತ್ತು ಆಗ. ಊರಿಗೆ ಊರೇ ಆ ಮೇಕೆ ತಿಂದಿತು. ಈಗಲೂ ಹೆಂಗಸರು ಬಾವಿಕಟ್ಟೆಯಲ್ಲಿ ಅದನ್ನೇ ಹೇಳಿಕೊಂಡು ನಗುತ್ತಾರೆ.

ಕೋಟಿನ ಉಪಾಯ ಯೋಚಿಸುತ್ತಿದ್ದೇನೆ. ನಿನ್ನ ಸುಕ್ಕು ಏಳುವುದು ನನ್ನ ಹೊಡೆತ ಬಿಗಿಯಾಗಿರುವುದರಿಂದ. ಹೊಕ್ಕಿನ ನೂಲನ್ನು ನಾನು ಗುದ್ದಿ ಕೂರಿಸುತ್ತೇನೆ, ಹಲಗೆಯ ಹಾಗೆ ಬರುತ್ತದೆ ಬಟ್ಟೆ. ಮೂವತ್ತು ವರ್ಷದ ಕೈ, ಹಗುರ ಮಾಡು ಎಂದರೆ ಮಾತು ಕೇಳುವುದಿಲ್ಲ. ನೋಡೋಣ. ಈ ಸಲದ ಹತ್ತಿಯಲ್ಲಿ ಧೂಳು ಹೆಚ್ಚು. ಹೊತ್ತು ಮುಳುಗುವಾಗ ಎದೆ ಬಿಗಿಯುತ್ತದೆ. ರೊಸಾಲಿ ಶಿಯಾ ಕಾಯಿಯ ಬೆಣ್ಣೆ ತಿಕ್ಕುತ್ತಾಳೆ.

ನಿನ್ನ ನಿಜವಾದ ಒಡೆಯ
ಮತಿಯಾಸ್


ವಾಗಾದುಗು
೨೮ ನವೆಂಬರ್ ೧೯೯೬

ಕಳ್ಳಸಾಮೊ,

ಇಷ್ಟು ವರ್ಷ ಈ ವಿದ್ಯೆಯನ್ನು ಎಲ್ಲಿ ಬಚ್ಚಿಟ್ಟುಕೊಂಡಿದ್ದೆ? ನಿನ್ನ ಹೊಸ ಪಟ್ಟಿಗಳನ್ನು ಮೊದಲು ನೋಡಿದಾಗ ಸಿಟ್ಟು ಬಂತು. ಒಂದು ಗೇಣು ಬಿಗಿ, ಆಮೇಲೆ ಒಂದು ಮೊಳ ಸಡಿಲ, ಮತ್ತೆ ಬಿಗಿ. ಕುಡಿದು ನೇಯ್ದಿದ್ದಾನೆ ಮುದುಕ ಎಂದು ಬೈದುಕೊಂಡೆ. ವಾಪಸು ಕಳಿಸಬೇಕೆಂದು ಮಡಿಸುತ್ತಿದ್ದೆ, ಸಡಿಲ ಜಾಗ ನನ್ನ ತೋಳಿನ ಮೇಲೆ ಬಿತ್ತು. ಬಿದ್ದದ್ದು ಹಾಗೇ ಬಾಗಿ ಕೂತಿತು ಮಾರಾಯ! ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿದೆ. ಪಟ್ಟಿ ಹೆಗಲ ಇಳಿಜಾರನ್ನು ಹಿಡಿದುಕೊಂಡಿತು. ಆ ದರಿದ್ರ ಸುಕ್ಕು ಏಳಲೇ ಇಲ್ಲ. ಹತ್ತು ವರ್ಷ, ಮತಿಯಾಸ್. ಅಂಗಡಿಯ ಮಧ್ಯೆ ಒಬ್ಬನೇ ಕುಣಿದೆ. ಎದುರು ಅಂಗಡಿಯ ಕಡಲೆಕಾಯಿ ಮಾರುವವಳು, "ಏನ್ ಟೇಲರಣ್ಣ, ಮೈಮೇಲೆ ದೇವ್ರು ಬಂತಾ?" ಅಂತ ಕೇಳಿದಳು.

ಬಿಗಿಯನ್ನು ಎದೆಗೂ ಅಂಚಿಗೂ ಇಡುತ್ತೇನೆ, ಸಡಿಲವನ್ನು ಹೆಗಲಿಗೆ. ಇದೇ ಕೈ ಬೇಕು. ಇನ್ನೂ ಸಡಿಲ ಮಾಡಿದರೂ ಸರಿ. ಲಾಳಿಯನ್ನು ಎಸೆಯಲು ಬೇಜಾರಾದವನ ಹಾಗೆ ಎಸೆ, ಹಣಿಗೆಯನ್ನು ಸುಮ್ಮನೆ ಮುಟ್ಟಿಸಿ ಬಿಡು. ಜನವರಿಯೊಳಗೆ ಇಪ್ಪತ್ತು ಪಟ್ಟಿ ಬೇಕು.

ನಿನ್ನ ಅಳತೆಯೂ ಬೇಕು. ಟೇಪಿನ ಅಂಕಿ ಓದಲು ನಿನಗೆ ಬರುವುದಿಲ್ಲ, ನಿನ್ನ ಮೇಲೆ ನಂಬಿಕೆಯೂ ಇಲ್ಲ. ನೂಲಿನ ದಾರವನ್ನು ಎದೆಗೆ ಸುತ್ತಿಸಿಕೊಂಡು ಒಂದು ಗಂಟು, ಹೆಗಲಿಗೆ ಒಂದು, ತೋಳಿಗೆ ಒಂದು, ಬೆನ್ನಿನ ಉದ್ದಕ್ಕೆ ಒಂದು. ರೊಸಾಲಿ ಹಾಕಲಿ. ಕೊಂಬಿನ ಗುಂಡಿ ಉಜ್ಜಿಡುತ್ತಿದ್ದೇನೆ, ಐದು.

ಒಡೆಯ
ಕುಲಿಗಾ


ತೋಮಾ
೧೯ ಡಿಸೆಂಬರ್ ೧೯೯೬

ಗುಲಾಮ ಕುಲಿಗಾಗೆ,

ಸಡಿಲದ ಗುಟ್ಟು ಹೇಳಿಬಿಡುತ್ತೇನೆ. ವಿದ್ಯೆ ಏನಲ್ಲ. ನನ್ನ ಕೈಯಲ್ಲಿ ಬಲ ಇಲ್ಲ. ಬೆಳಿಗ್ಗೆ ಒಂದು ಗೇಣು ಹೇಗೋ ಗುದ್ದುತ್ತೇನೆ, ಆಮೇಲೆ ತೋಳು ಎತ್ತಲಾಗುವುದಿಲ್ಲ. ಕೆಮ್ಮಿ ಕೆಮ್ಮಿ ಮಗ್ಗದ ಮೇಲೇ ಒರಗುತ್ತೇನೆ. ಎದ್ದಾಗ ಮತ್ತೊಂದು ಗೇಣು. ನೀನು ಕುಣಿದದ್ದು ಅದಕ್ಕೆ.

ಇಲ್ಲಿಯ ದವಾಖಾನೆಯ ನರ್ಸಮ್ಮ ನನ್ನ ಕಫ ನೋಡಿ, ವಾಗಾದುಗುವಿಗೆ ಹೋಗಿ ಎದೆಯ ಚಿತ್ರ ತೆಗೆಸಿ, ತಡ ಮಾಡಬೇಡಿ ಅಂದರು. ಈಗ ಹೋದರೆ ವಾಸಿಯಾಗುತ್ತದಂತೆ. ನಿನ್ನ ಡಾಕ್ಟರ್ ಸನೋನ್ ಇದೇ ರೋಗ ನೋಡುವವರಲ್ಲವೇ? ಬಂದು ನನ್ನನ್ನು ಕರೆದುಕೊಂಡು ಹೋಗು. ಅಷ್ಟು ದೂರ ಒಬ್ಬನೇ ಬಸ್ಸಿನಲ್ಲಿ ಕೂತು ಬರುವ ತ್ರಾಣ ನನಗಿಲ್ಲ. ರೊಸಾಲಿಯ ಮಗು ಇನ್ನೂ ಎಳೆಯದು. ಆ ಊರಿನಲ್ಲಿ ನಿನ್ನ ಬಿಟ್ಟರೆ ನನಗೆ ಯಾರಿದ್ದಾರೆ?

ಇದು ತಮಾಷೆಯಲ್ಲ ಕುಲಿಗಾ. ನನ್ನ ತಾಯಿಯಾಣೆ. ನೀನು ನಂಬಲಿಕ್ಕಿಲ್ಲ, ಅದಕ್ಕೇ ದಾರ ಇಟ್ಟಿದ್ದೇನೆ. ದಾರಕ್ಕೆ ತಮಾಷೆ ಮಾಡಲು ಬರುವುದಿಲ್ಲ. ಎದೆಯ ಗಂಟು ನೋಡು.

ಮತಿಯಾಸ್


ವಾಗಾದುಗು
೮ ಜನವರಿ ೧೯೯೭

ಸಾಯಲೂ ಸೋಮಾರಿಯಾದ ಮತಿಯಾಸ್‌ಗೆ,

ಈ ಸಲ ಮೇಕೆ ಇಲ್ಲ ಕಣೋ! ಕೋಳಿಯೂ ಇಲ್ಲ, ಕೋಳಿಮೊಟ್ಟೆಯೂ ಇಲ್ಲ. ಒಂದೇ ಹಳ್ಳಕ್ಕೆ ಎರಡು ಸಲ ಬೀಳುವಷ್ಟು ದಡ್ಡರಲ್ಲ ನಾವು ಮೊಸ್ಸಿಗಳು. ತಾಯಿಯಾಣೆ ಬೇರೆ! ನಿನ್ನ ತಾಯಿಗೆ ನಾನೇ ಸಮಾಧಾನ ಹೇಳಬೇಕಾದೀತು.

ದಾರವನ್ನು ಟೇಪಿನ ಪಕ್ಕ ಹಿಡಿದೆ. ಎದೆ ಎಂಬತ್ತು ಸೆಂಟಿಮೀಟರ್! ಯಾರ ಎದೆಗೆ ಸುತ್ತಿದ್ದೋ ಇದನ್ನು? ಮನೆಯ ಕಂಬಕ್ಕೋ, ಹಿತ್ತಲಿನ ಪಪ್ಪಾಯಿ ಮರಕ್ಕೋ? ನಿನ್ನ ಎದೆ ನೂರು. ನಾನು ಮೂವತ್ತೈದು ವರ್ಷದಿಂದ ಗಂಡಸರ ಮೈ ನೋಡುತ್ತಿದ್ದೇನೆ. ಗಿರಾಕಿ ಬಾಗಿಲು ದಾಟುವ ಹೊತ್ತಿಗೆ ಅವನ ಅಳತೆ ನನ್ನ ಕಣ್ಣಿನಲ್ಲಿರುತ್ತದೆ. ನಿನ್ನ ಕಾಗದದ ನಮೂನೆ ಗೋಡೆಯ ಮೇಲೆ ಮೊಳೆಯಲ್ಲಿ ನೇತಾಡುತ್ತಿದೆ. ನಿನ್ನ ದಾರವನ್ನೂ ಅದೇ ಮೊಳೆಗೆ ತೂಗುಹಾಕಿದ್ದೇನೆ, ಬಂದ ಗಿರಾಕಿಗಳೆಲ್ಲ ನೋಡಿ ನಗಲಿ ಅಂತ. ಕೋಟನ್ನು ನೂರಕ್ಕೇ ಕತ್ತರಿಸಿದ್ದಾಗಿದೆ.

ಡಾಕ್ಟರ್ ಸನೋನ್ ಅಂಗಿಯ ಕಾಲರ್ ನೋಡಿ ಹೋಗಲು ಬಂದಿದ್ದರು. ನಿನ್ನ ನಾಟಕ ಹೇಳಿದೆ. ಅವರು ನಗಲಿಲ್ಲ, "ಒಂದ್ಸಲ ಕರ್ಕೊಂಡು ಬಾ, ನೋಡ್ತೀನಿ" ಅಂದರು. "ಸಾರ್, ಅವನಿಗ್ ಬೇಕಾಗಿರೋದು ಔಷಧಿ ಅಲ್ಲ, ಮೇಕೆ!" ಅಂದೆ. ಆಗ ಅವರೂ ನಕ್ಕರು.

ಬಾಕಿ ಹನ್ನೊಂದು ಪಟ್ಟಿ ಬೇಗ ಕಳಿಸು. ಸಡಿಲ ಸಾಲದು, ಇನ್ನೂ ಬೇಕು. ಈ ಸಲ ಸುಳ್ಳು ಹೇಳದೆ ಸುಮ್ಮನೆ ಸೋಮಾರಿಯಾಗಿರು, ಅಷ್ಟೇ ಸಾಕು.

ಮೋಸಹೋಗದ ಒಡೆಯ
ಕುಲಿಗಾ


ತೋಮಾ
೧೧ ಫೆಬ್ರವರಿ ೧೯೯೭

ಶ್ರೀ ಕುಲಿಗಾ ನಿಕಿಯೆಮಾ ಅವರಿಗೆ,

ನೀವು ಕೇಳಿದ ಹನ್ನೊಂದು ಪಟ್ಟಿಗಳನ್ನು ಸೇದುವಿನ ಕೈಯಲ್ಲಿ ಕಳಿಸಿದ್ದೇನೆ. ಕೊನೆಯ ಮೂರನ್ನು ನನ್ನ ಮಗಳು ಕೂತು ಮುಗಿಸಿದಳು. ನಮ್ಮಲ್ಲಿ ಹೆಣ್ಣು ಮಗ್ಗಕ್ಕೆ ಕೂರುವುದಿಲ್ಲ, ಆದರೆ ಬೇರೆ ದಾರಿಯಿರಲಿಲ್ಲ. ಅವಳ ಹೊಡೆತ ಬಿಗಿಯಾಗಿದೆ. ಆ ಮೂರನ್ನು ಹೆಗಲಿಗೆ ಹಾಕಬೇಡಿ.

ಹಿಂದಿನ ಪತ್ರವನ್ನು ಬೈಗುಳದಿಂದ ಶುರು ಮಾಡಿದ್ದು ನನ್ನ ತಪ್ಪು. ಬೈಯದೆ ಬರೆದರೆ ನಿಮಗೆ ಗಾಬರಿಯಾದೀತು ಎಂದುಕೊಂಡೆ. ಈಗ ಬೈದಿಲ್ಲ.

ಕೋಟನ್ನು ನನಗಾಗಿ ಇಡಬೇಕಾಗಿಲ್ಲ.

ಮತಿಯಾಸ್ ಪಾರೆ


ವಾಗಾದುಗು
೧೮ ಫೆಬ್ರವರಿ ೧೯೯೭

ಮತಿಯಾಸ್,

ನನ್ನನ್ನು ನೀವು ಅಂದುಬಿಟ್ಟೆಯಲ್ಲೋ. ಇಪ್ಪತ್ತಾರು ವರ್ಷದಲ್ಲಿ ಒಂದು ದಿನ ಆ ಮಾತು ನಮ್ಮಿಬ್ಬರ ನಡುವೆ ಬಂದಿರಲಿಲ್ಲ. ಓದಿ ಕತ್ತರಿ ಕೆಳಗಿಟ್ಟೆ. ಇದೂ ಅವನ ಆಟವೇ, ಇನ್ನೂ ದೊಡ್ಡ ಆಟ, ಎಂದು ನನಗೆ ನಾನೇ ಹೇಳಿಕೊಂಡು ನಗಲು ನೋಡಿದೆ. ನಗು ಬರಲಿಲ್ಲ.

ಸೇದುವನ್ನು ಹಿಡಿದು ನಿಲ್ಲಿಸಿ ಕೇಳಿದೆ. "ನಿಜ ಹೇಳು, ಹೆಂಗಿದಾನೆ?" ಅವನು ನೆಲ ನೋಡಿದ. "ನಾನ್ ನೋಡಿಲ್ಲಪ್ಪ. ಗಂಟು ಕೊಟ್ಟಿದ್ದು ಮಗಳು. ಮೊದ್ಲು ಅವ್ನೇ ಬಸ್ ತನಕ ಬರ್ತಿದ್ದ, ಈಗ ಬರಲ್ಲ" ಅಂದ.

ಬರುತ್ತೇನೆ. ಡಾಕ್ಟರ ಹತ್ತಿರ ಮಾತಾಡಿ ಆಯಿತು, ಹಾಸಿಗೆ ಇಟ್ಟುಕೊಡುತ್ತಾರಂತೆ. ಆದರೆ ಮೇಳ ಶನಿವಾರ ಶುರು, ಮಾರ್ಚ್ ಒಂದಕ್ಕೆ ಮುಗಿಯುತ್ತದೆ. ಎಡತೋಳು ಇನ್ನೂ ಕಚ್ಚಾ ಹೊಲಿಗೆಯಲ್ಲಿದೆ. ಮೂರು ಸಲ ಬಿಚ್ಚಿದೆ, ಕಂಕುಳಲ್ಲಿ ಎಳೆಯುತ್ತದೆ. ಇಷ್ಟು ಹತ್ತಿರ ಬಂದಿರುವ ಕೋಟು, ಈಗ ಕೈಬಿಟ್ಟು ಬಂದರೆ ಇನ್ನು ಹತ್ತು ವರ್ಷ ಆಗುವುದಿಲ್ಲ. ನಿನಗೆ ಗೊತ್ತು ಅದು, ನಿನಗಿಂತ ಬೇರೆ ಯಾರಿಗೆ ಗೊತ್ತು? ಮಾರ್ಚ್ ಎರಡಕ್ಕೆ, ಭಾನುವಾರ, ಸೇದುವಿನ ಬಸ್ಸಿನಲ್ಲಿ ಬರುತ್ತೇನೆ. ಕೋಟು ತರುತ್ತೇನೆ. ಅದನ್ನು ತೊಟ್ಟುಕೊಂಡೇ ಡಾಕ್ಟರ ಹತ್ತಿರ ಹೋಗುವೆಯಂತೆ. ಹನ್ನೆರಡೇ ದಿನ. ಹನ್ನೆರಡು ದಿನ ತಡೆದುಕೋ.

ಬೈದು ಒಂದು ಸಾಲು ಬರೆ. ಏನಾದರೂ ಸರಿ. ಕತ್ತೆ ಅನ್ನು.

ಕುಲಿಗಾ


ತೋಮಾ
೫ ಮಾರ್ಚ್ ೧೯೯೭

ಕುಲಿಗಾ ಚಿಕ್ಕಪ್ಪನಿಗೆ,

ಅಪ್ಪ ನಿನ್ನೆ ಬೆಳಿಗ್ಗೆ ಹೋದರು. ಸಂಜೆ ಮಣ್ಣು ಮಾಡಿದೆವು.

ನಿಮ್ಮ ಪತ್ರವನ್ನು ನಾನೇ ಓದಿ ಹೇಳಿದ್ದೆ. ಹನ್ನೆರಡು ದಿನ ಅಂತ ಬರೆದಿದ್ದಿರಲ್ಲ, ನೂಲಿನ ಒಂದು ಎಳೆಯಲ್ಲಿ ಹನ್ನೆರಡು ಗಂಟು ಹಾಕಿಸಿಕೊಂಡರು. ದಿನಕ್ಕೊಂದು ಬಿಚ್ಚುತ್ತಿದ್ದರು. ಉಗುರಿನಲ್ಲಿ ಶಕ್ತಿ ಇರಲಿಲ್ಲ, ಹಲ್ಲಿನಿಂದ ಬಿಚ್ಚುತ್ತಿದ್ದರು. ಪಕ್ಕದ ಮನೆಯವರ ಜೊತೆ ಕಳಿಸುತ್ತೇನೆ, ಈಗಲೇ ಹೋಗೋಣ ಎಂದು ನಾನು ಎಷ್ಟೋ ಸಲ ಅಂದೆ. "ಕುಲಿಗಾ ಬರ್ತಾನೆ, ಸುಮ್ನಿರೆ. ಅವ್ನು ತೋಳು ಬಿಚ್ಚಿ ಹೊಲೀತಾ ಇರ್ತಾನೆ. ತೋಳು ಸರಿಯಾಗ್ಲಿ" ಅಂದರು.

ಭಾನುವಾರ ಕೊನೆಯ ಗಂಟು ಬಿಚ್ಚಿ, ಮಾವಿನ ಮರದ ಕೆಳಗೆ ಚಾಪೆ ಹಾಕಿಸಿಕೊಂಡು ಮಲಗಿದರು. ಬಸ್ಸು ನಿಲ್ಲುವುದು ಅಲ್ಲಿಂದ ಕಾಣುತ್ತದೆ. ಬಸ್ಸು ಬಂತು. ನೀವು ಇಳಿಯಲಿಲ್ಲ. ಸೇದಣ್ಣ ಓಡಿ ಬಂದು, "ಕೋಟಿಗೆ ಬಹುಮಾನ ಬಂದಿದೆ ಮತಿಯಾಸಣ್ಣ! ಮಂಗಳವಾರ ಕೊಡ್ತಾರಂತೆ. ಅದನ್ನ ಇಸ್ಕೊಂಡು ಬುಧವಾರ ಬರ್ತಾನಂತೆ, ಇನ್ ಮೂರು ದಿನ ಅಷ್ಟೆ" ಅಂದ. ಅಪ್ಪ ಬಸ್ಸಿನ ಬಾಗಿಲನ್ನೇ ನೋಡುತ್ತಿದ್ದರು. ಆಮೇಲೆ, "ಸುಕ್ಕು ಇಲ್ವಂತಾ?" ಎಂದು ಕೇಳಿದರು. ಸೇದಣ್ಣನಿಗೆ ಏನು ಕೇಳುತ್ತಿದ್ದಾರೆಂದೇ ಗೊತ್ತಾಗಲಿಲ್ಲ. ಅವನು ಇಲ್ಲ ಅಂದ.

ಆಮೇಲೆ ಅವರು ಗಂಟು ಹಾಕಿಸಿಕೊಳ್ಳಲಿಲ್ಲ.

ದೊಡ್ಡ ತಿಥಿ ಮೇ ತಿಂಗಳಲ್ಲಿ, ಮಳೆಗೆ ಮುಂಚೆ. ಹಿರಿಯರು ನಿಮಗೆ ಹೇಳಿಕಳಿಸಲು ಹೇಳಿದ್ದಾರೆ. ಸತ್ತವನ ಬಟ್ಟೆ ತೊಟ್ಟು, ಅವನ ನಡಿಗೆ ನಡೆದು, ಅವನ ಮಾತಾಡಿ ಜನರನ್ನು ನಗಿಸುವುದು ಮೊಸ್ಸಿ ಗುಲಾಮನ ಕೆಲಸ. ಗುಲಾಮ ಬಂದು ಅಣಕಿಸದಿದ್ದರೆ ಸತ್ತವರು ಮನೆ ಬಿಟ್ಟು ಹೊರಡುವುದಿಲ್ಲವಂತೆ. ಅಪ್ಪನ ಹಳೆಯ ಬಟ್ಟೆಗಳನ್ನು ರೋಗದ ಭಯಕ್ಕೆ ಸುಟ್ಟುಬಿಟ್ಟರು. ಅವರದೆಂದು ಉಳಿದಿರುವುದು ನಿಮ್ಮ ಹತ್ತಿರವಿರುವ ಕೋಟು ಮಾತ್ರ. ಅದನ್ನೇ ತನ್ನಿ.

ನೀವು ಬರಬೇಕೆಂದು ನನಗೆ ಆಸೆಯಿಲ್ಲ. ಹಿರಿಯರ ಮಾತು, ಬರೆದಿದ್ದೇನೆ.

ರೊಸಾಲಿ


ವಾಗಾದುಗು
೨ ಏಪ್ರಿಲ್ ೧೯೯೭

ರೊಸಾಲಿ,

ನಿನ್ನ ಪತ್ರ ನನಗೆ ಬಸ್ ನಿಲ್ದಾಣದಲ್ಲೇ ಸಿಕ್ಕಿತು. ಬುಧವಾರ ಹೊರಡಲು ಆಗಲಿಲ್ಲ, ಯಾರ‍್ಯಾರೋ ಅಂಗಡಿಗೆ ಬಂದು ಕೋಟು ನೋಡುತ್ತಿದ್ದರು. ಗುರುವಾರ ಗಂಟು ಕಂಕುಳಲ್ಲಿಟ್ಟುಕೊಂಡು ನಿಂತಿದ್ದೆ. ಸೇದು ಇಳಿದು ಬಂದು ಕಾಗದ ಕೊಟ್ಟು, ನನ್ನ ಮುಖ ನೋಡದೆ ಬಸ್ಸಿನ ಹಿಂದೆ ಹೋದ. ಅಲ್ಲೇ ಓದಿದೆ. ಬಸ್ಸು ಹತ್ತಲಿಲ್ಲ. ಅಂಗಡಿಗೆ ವಾಪಸು ನಡೆದೆ. ಅದಕ್ಕೂ ನೀನು ನನ್ನನ್ನು ಕ್ಷಮಿಸಬೇಕಾಗಿಲ್ಲ.

ಮೊಳೆಯಿಂದ ದಾರ ಇಳಿಸಿದೆ. ಗಂಟುಗಳನ್ನು ಒಂದೊಂದಾಗಿ ನೋಡಿದೆ. ತೋಳಿನ ಗಂಟು ಅವನ ಹಳೆಯ ನಮೂನೆಗೆ ಸರಿಯಾಗಿ ಕೂತಿತು. ಬೆನ್ನಿನ ಉದ್ದವೂ ಕೂತಿತು. ಎದೆ ಮಾತ್ರ ಎಂಬತ್ತು. ಕಂಬಕ್ಕೆ ತೋಳು ಇರುತ್ತದೆಯೇ? ಪಪ್ಪಾಯಿ ಮರಕ್ಕೆ ಬೆನ್ನು ಇರುತ್ತದೆಯೇ? ಉಳಿದ ಗಂಟುಗಳನ್ನು ಟೇಪಿಗೆ ಹಿಡಿದಿದ್ದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ನಾನು ಹಿಡಿಯಲಿಲ್ಲ. ಎದೆಯ ಗಂಟು ನೋಡಿದೆ, ನಕ್ಕೆ, ಕತ್ತರಿ ಎತ್ತಿಕೊಂಡೆ. ಮೂವತ್ತೈದು ವರ್ಷ ಅಳತೆ ಹಿಡಿದು ಅನ್ನ ತಿಂದವನು ನಾನು.

ಈ ಒಂದು ತಿಂಗಳಿಂದ ಬೇರೆ ಕೆಲಸ ಮುಟ್ಟಿಲ್ಲ. ಕೋಟನ್ನು ಪೂರಾ ಬಿಚ್ಚಿದೆ. ಎಡಕ್ಕೊಂದು ಬಲಕ್ಕೊಂದು ಪಟ್ಟಿ ತೆಗೆದರೆ ಮುಂದೆಯೂ ಹಿಂದೆಯೂ ಸೇರಿ ನೂರು ಹೋಗಿ ಸರಿಯಾಗಿ ಎಂಬತ್ತು ಆಗುತ್ತದೆ. ದಾರದ ಅಳತೆಗೆ ಮತ್ತೆ ಹೊಲಿದೆ. ಬಹುಮಾನದ ತಗಡನ್ನು ಏನು ಮಾಡಿದೆ ಎಂದು ನೀನು ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಡಾಕ್ಟರ್ ಸನೋನ್ ಬಂದಿದ್ದರು. "ಕರ್ಕೊಂಡು ಬಾ ಅಂದಿದ್ನಲ್ಲ" ಎಂದು ಒಂದೇ ಮಾತು ಅಂದು ಅಂಗಿ ತೆಗೆದುಕೊಳ್ಳದೆ ಹೋದರು.

ಮೇಗೆ ಬರುತ್ತೇನೆ.

ಕುಲಿಗಾ


ವಾಗಾದುಗು
೨೬ ಮೇ ೧೯೯೭

ನನ್ನ ಒಡೆಯ ಮತಿಯಾಸ್ ಪಾರೆಗೆ,

ಈ ಪತ್ರವನ್ನು ಸೇದುವಿನ ಕೈಗೆ ಕೊಡಲಾಗುವುದಿಲ್ಲ. ಆದರೂ ಬರೆಯುತ್ತಿದ್ದೇನೆ. ನಿನ್ನ ತಿಥಿ ಹೇಗಾಯಿತು ಎಂದು ನಿನಗೆ ಯಾರಾದರೂ ಹೇಳಬೇಕು.

ಬಸ್ಸಿಳಿದ ಕೂಡಲೇ ನಿಮ್ಮ ಹೆಂಗಸರು ನನ್ನನ್ನು ಮುತ್ತಿಕೊಂಡರು. "ಓಹೋ ಬಂದ ನೋಡ್ರೇ ಗುಲಾಮ! ಒಡೆಯ ಸತ್ತು ಮೂರು ತಿಂಗ್ಳಿಗೆ ಬಂದ!" "ಮೇಕೆ ಎಲ್ಲೋ?" "ಮೇಕೆ ತರಲಿಲ್ವಂತೆ ಕಣ್ರೇ, ಅದಕ್ಕೇ ಸತ್ತೋದ ಅವ್ನು!" ಯಾರೋ ನನ್ನ ತಲೆಯ ಮೇಲೆ ಬೂದಿ ಸುರಿದರು. ಯಾರೋ ಬೆನ್ನಿಗೆ ಸೌಟಿನಲ್ಲಿ ಬಾರಿಸಿದರು. ಎಲ್ಲರೂ ನಗುತ್ತಿದ್ದರು. ಅವರು ಬೈದದ್ದೆಲ್ಲ ಕಟ್ಟಳೆಯ ಬೈಗುಳ. ಅದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ ಎಂದು ಅವರಿಗೆ ಗೊತ್ತಿರಲಿಲ್ಲ.

ಮಾವಿನ ಮರದಡಿ ಜೋಳದ ಮುದ್ದೆ, ಬೆಂಡೆಕಾಯಿ ಸಾರು, ಮಡಕೆ ಮಡಕೆ ಡೋಲೊ. ನಿನ್ನ ಮಗ್ಗವನ್ನು ಬಿಚ್ಚಿ ಗೋಡೆಗೆ ಒರಗಿಸಿದ್ದರು. ನಿನ್ನ ದೊಡ್ಡಪ್ಪ ಕೋಲು ಕುಟ್ಟಿ, "ಏ ಮೊಸ್ಸಿ, ಹೊಟ್ಟೆ ತುಂಬಿದ್ದು ಸಾಕು. ಬಟ್ಟೆ ಹಾಕು, ಅವನ್ನ ತೋರ್ಸು. ಅವ್ನು ಹೊರಡ್ಲಿ" ಅಂದರು. ತಮಟೆ ಶುರುವಾಯಿತು.

ಗಂಟು ಬಿಚ್ಚಿ ಕೋಟು ಎತ್ತಿ ಹಿಡಿದೆ. ಮುಂದಿದ್ದವರು ಕತ್ತು ಚಾಚಿ ನೋಡಿದರು. ಚೆನ್ನಾಗಿದೆ ಮತಿಯಾಸ್. ಪಟ್ಟಿ ಮುಂದಿನಿಂದ ಹಿಂದಕ್ಕೆ ನೀರು ಹರಿದ ಹಾಗೆ ಹೋಗಿದೆ. ಹೆಗಲಲ್ಲಿ ಸುಕ್ಕಿಲ್ಲ. ಆ ಹೆಗಲಿನ ಒಂದೊಂದು ಗೇಣೂ ನೀನು ಕೆಮ್ಮಿ ಒರಗಿದ ಜಾಗ. ನನಗೆ ಅದು ಗೊತ್ತು. ಜಗತ್ತಿನಲ್ಲಿ ಅದಕ್ಕಿಂತ ಒಳ್ಳೆಯ ಹೆಗಲನ್ನು ನಾನು ಹೊಲಿದಿಲ್ಲ, ಇನ್ನು ಹೊಲಿಯುವುದೂ ಇಲ್ಲ.

ಬಲಗೈ ತೂರಿಸಿದೆ. ಮೊಳಕೈವರೆಗೆ ಹೋಗಿ ನಿಂತಿತು. ಎಳೆದೆ. ಎಡಗೈ ತೂರಿಸಲು ನೋಡಿದೆ, ಅದು ಅಷ್ಟೂ ಹೋಗಲಿಲ್ಲ. ದಾರದ ಅಳತೆಗೆ ಹೊಲಿಯುವಾಗ ಇದನ್ನು ನಾನೇ ತೊಡಬೇಕೆಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ನೀನು ತೊಡುತ್ತೀಯ ಎಂದುಕೊಂಡೇ ಹೊಲಿದಿದ್ದೆ. ಎರಡು ಕೈಯೂ ಹಿಂದಕ್ಕೆ ಸಿಕ್ಕಿಹಾಕಿಕೊಂಡು, ಹೊಟ್ಟೆ ಮುಂದೆ ಬಿಟ್ಟುಕೊಂಡು ನಿಂತೆ. ಮೊದಲು ಒಬ್ಬಳು ಮುದುಕಿ ಕಿಸಕ್ಕೆಂದಳು. ಆಮೇಲೆ ಇಡೀ ಅಂಗಳ ಬಿದ್ದು ಬಿದ್ದು ನಕ್ಕಿತು.

"ನೋಡ್ರೋ, ಬಡಕಲಾಗಿದ್ನಲ್ಲ, ಅದನ್ನೇ ಅಣಕ ಮಾಡ್ತಾವ್ನೆ!"

"ಎಂಥಾ ಗುಲಾಮನ್ನ ಸಂಪಾದಿಸಿದ್ದ ಮಾರಾಯ!"

ಆಗ ನನಗೆ ಅಳು ಬಂತು. ತಡೆಯಲಾಗಲಿಲ್ಲ. ಮಂಡಿಯೂರಿ ಕೂತೆ, ಬಾಯಿ ಬಿಟ್ಟು ಅತ್ತೆ, ಉಸಿರು ಕಟ್ಟಿ ಕೆಮ್ಮಿದೆ. ಅದು ನಿನ್ನ ಕೆಮ್ಮಿನ ಅಣಕ ಎಂದುಕೊಂಡರು ಅವರು. ಚಪ್ಪಾಳೆ ತಟ್ಟಿದರು. ತಮಟೆಯವನು ನನ್ನ ಕೆಮ್ಮಿಗೆ ಸರಿಯಾಗಿ ಬಾರಿಸತೊಡಗಿದ. ನಾನು ಕೂಗಿದೆ, "ತಮಾಷೆ ಅಲ್ರಪ್ಪಾ! ನಮ್ಮವ್ವನಾಣೆಗೂ ತಮಾಷೆ ಅಲ್ಲ! ಅವ್ನು ಕರೆದಿದ್ದ, ನಾನು ಬರಲಿಲ್ಲ!" ಅದಕ್ಕೆ ಎಲ್ಲಕ್ಕಿಂತ ಹೆಚ್ಚು ನಕ್ಕರು. ನಿನ್ನ ದೊಡ್ಡಪ್ಪ ಕಣ್ಣೊರೆಸಿಕೊಂಡು, "ಸಾಕು ಮಗಾ, ಸಾಕು. ಹೊಟ್ಟೆ ಹುಣ್ಣಾಯ್ತು. ಹೊರಟ ಅವ್ನು, ಸಂತೋಷವಾಗಿ ಹೊರಟ" ಎಂದು ನನ್ನ ತಲೆ ಸವರಿದರು.

ಒಬ್ಬಳು ಮಾತ್ರ ನಗಲಿಲ್ಲ. ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ರೊಸಾಲಿ ಜನರನ್ನು ಸರಿಸಿ ಬಂದಳು. ನನ್ನ ಬೆನ್ನ ಹಿಂದೆ ನಿಂತು ಎರಡು ತೋಳುಗಳನ್ನೂ ಮೆಲ್ಲಗೆ ಎಳೆದು ಕೋಟು ಬಿಡಿಸಿದಳು, ಒಂದು ಹೊಲಿಗೆಯೂ ಕೀಳದ ಹಾಗೆ. ಹೆಗಲನ್ನು ಅಂಗೈಯಿಂದ ಒಂದು ಸಲ ಸವರಿ ಮಡಿಸಿಕೊಂಡಳು. ಬೈಯಲಿಲ್ಲ. ಒಳಗೆ ಹೋದಳು.

ನಿನ್ನ ದಾರ ನನ್ನ ಹತ್ತಿರವೇ ಇದೆ.

ನಿನ್ನ ಗುಲಾಮ
ಕುಲಿಗಾ